ಕುಂಬಳೆಯಿಂದ ಬದಿಯಡ್ಕಕ್ಕೆ ಸೈಕಲ್ ದಾರಿ

ಕುಂಬಳೆ ಪೇಟೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿ ಇಪ್ಪತ್ತು ಕಿಲೋಮೀಟರಿಗೆ ತುಸು ಕಡಿಮೆ. ಬಸ್ಸಿನಲ್ಲಿ ಕುಳಿತವರಿಗೆ ಅದು ನಾಯ್ಕಾಪು, ಸೀತಾಂಗೋಳಿ, ನೀರ್ಚಾಲು ಎಂಬ ಕೆಲವು ನಿಲುಗಡೆಗಳ ಹೆಸರು ಮಾತ್ರ. ಸೈಕಲ್ ತುಳಿಯುವವನಿಗಾದರೋ ಅದು ಕಡಲ ತಡಿಯಿಂದ ಮುರಕಲ್ಲಿನ ಪದವುಗಳನ್ನು ಏರಿ ಇಳಿಯುವ ಬೆವರಿನ ದಾರಿ. ಮಳೆ ಹಿಂದೆಗೆದು ದೀಪಾವಳಿಯ ಹಣತೆಗಳು ಆರಿದ ಮೇಲೆ ವರ್ಷಕ್ಕೊಮ್ಮೆಯಾದರೂ ಈ ದಾರಿಯಲ್ಲಿ ಸೈಕಲ್ಲಿನಲ್ಲಿಯೇ ಹೋಗಿಬರುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ಮುಖ್ಯೋಪಾಧ್ಯಾಯರಿಗೆ ಈ ವಯಸ್ಸಿನಲ್ಲಿ ಇದೇಕೆಂದು ಮನೆಯವರು ಕೇಳುವುದುಂಟು. ಅದಕ್ಕೊಂದು ಕಾರಣವಿದೆ, ಸೀತಾಂಗೋಳಿಯ ಏರು ಬಂದಾಗ ಹೇಳುತ್ತೇವೆ.

ಪ್ರಯಾಣ ಆರಂಭವಾಗುವುದು ಹಿಂದಿನ ದಿನದ ಮಧ್ಯಾಹ್ನ, ನಮ್ಮ ಮನೆಯ ಅಂಗಳದಲ್ಲಿ. ಈ ಸಲವೂ ಮಳೆಗಾಲವಿಡೀ ಜಗಲಿಯ ಬದಿಯಲ್ಲಿ ನಿಂತಿದ್ದ ಸೈಕಲ್ಲನ್ನು ಹೊರಗೆ ತಂದು ಚೈನ್ ಕವರನ್ನು ಬಿಚ್ಚಿದೆವು. ರಜೆಗೆ ಬಂದಿದ್ದ ತಂಗಿಯ ಮಗಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದಳು. ಸರಪಳಿಯ ಮೇಲಿನ ಕೆಂಪನ್ನು ಬೆರಳಿನಿಂದ ಮುಟ್ಟಿ, "ಮಾವ, ಇದು ಮಣ್ಣೋ ತುಕ್ಕೋ?" ಎಂದು ಕೇಳಿದಳು.

ಏಳನೆಯ ತರಗತಿಯ ಹುಡುಗಿಯ ಈ ಪ್ರಶ್ನೆಯನ್ನು ನಾವು ಆ ವಯಸ್ಸಿನಲ್ಲಿ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು! ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ನಮ್ಮ ಸೀಮೆಯ ಮುರಕಲ್ಲಿಗೆ ಕೆಂಪು ಬಣ್ಣವನ್ನು ಕೊಟ್ಟದ್ದು ಅದರಲ್ಲಿರುವ ಕಬ್ಬಿಣದ ಆಕ್ಸೈಡು. ಸರಪಳಿಯ ತುಕ್ಕು ಕೂಡ ಕಬ್ಬಿಣದ ಆಕ್ಸೈಡೇ. ಆದುದರಿಂದ ನಮ್ಮೂರಿನಲ್ಲಿ ನೆಲದ ಧೂಳು ಯಾವುದು, ಉಕ್ಕನ್ನು ತಿನ್ನುತ್ತಿರುವ ತುಕ್ಕು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ತೊಳೆದು ನೋಡಿದರೆ ಮಾತ್ರ ತಿಳಿಯುತ್ತದೆ.

ಜೋಡಣೆಯ ಕೊಂಡಿಯ ಮೇಲಿರುವ ಸಣ್ಣ ಕ್ಲಿಪ್ಪನ್ನು ಇಕ್ಕಳದಿಂದ ಸರಿಸಿ ಸರಪಳಿಯನ್ನು ಬಿಡಿಸಿದೆವು. ಹಳೆಯ ತಟ್ಟೆಯಲ್ಲಿ ಚಿಮಿಣಿ ಎಣ್ಣೆಯನ್ನು ಹೊಯ್ದು ಅದರಲ್ಲಿ ಮುಳುಗಿಸಿಟ್ಟೆವು. ಹಿಂದೆ ಪಡಿತರದ ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತಿದ್ದ ಈ ಎಣ್ಣೆ ಈಗ ಅಪರೂಪ, ಡೀಸೆಲ್ಲಾದರೂ ನಡೆದೀತು. ಒಲೆಯ ಹತ್ತಿರವಂತೂ ಈ ಕೆಲಸ ಕೂಡದು. ಅರ್ಧ ಗಂಟೆ ನೆನೆದ ಮೇಲೆ ತೆಂಗಿನ ನಾರಿನಿಂದಲೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೂ ಪ್ರತಿ ಕೊಂಡಿಯನ್ನು ಉಜ್ಜಿದೆವು. ಕೊಂಡಿಗಳನ್ನು ಬಳುಕಿಸಿದ ಹಾಗೆಲ್ಲ ಒಳಗಿನಿಂದ ಕಪ್ಪು ಕೆಸರು ಮೋಡದಂತೆ ಹೊರಟುಬಂತು. ಎರಡನೆಯ ತೊಳೆತದಲ್ಲಿ ಬಣ್ಣ ತಿಳಿಯಾಯಿತು. ಮೂರು ಕೊಂಡಿಗಳಲ್ಲಿ ಮಾತ್ರ ಕೆಂಪು ಹೋಗಲಿಲ್ಲ. "ಅದು ತುಕ್ಕು," ಎಂದಳು ಹುಡುಗಿ, ನಾವು ಹೇಳುವ ಮೊದಲೇ.

ಅಷ್ಟರಲ್ಲಿ ಅವಳ ಅಳತೆಗೋಲನ್ನು ಎರವಲು ಪಡೆದು ಅಳೆದೆವು. ಹೊಸ ಸರಪಳಿಯಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನದರ ನಡುವಿಗೆ ಅರ್ಧ ಇಂಚು, ಎಂದರೆ 12.7 ಮಿಲಿಮೀಟರ್, 24 ಕೊಂಡಿಗಳಿಗೆ ಸರಿಯಾಗಿ 12 ಇಂಚು. ಅದು ಹನ್ನೆರಡು ಇಂಚಿನ ಮೇಲೆ ಎಂಟನೆಯ ಒಂದು ಇಂಚಿನಷ್ಟು ಬೆಳೆದಿದ್ದರೆ ಸರಪಳಿಯ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು; ಮುಂದುವರಿಸಿದರೆ ಹಲ್ಲುಚಕ್ರಗಳನ್ನೂ ಕೆಡಿಸುತ್ತದೆ. ಉಕ್ಕು ಹಿಗ್ಗುವುದಲ್ಲ, ಪಿನ್ನುಗಳು ಒಳಗೊಳಗೇ ಸವೆಯುವುದು. ನಮ್ಮದು ಅದರ ಅರ್ಧದಷ್ಟು ಬೆಳೆದಿತ್ತು. ಇನ್ನೊಂದು ವರ್ಷ ಬಂದೀತು.

ಒರೆಸಿದ ಸರಪಳಿಯನ್ನು ಬಟ್ಟೆ ಒಣಗಿಸುವ ಹಗ್ಗದ ಮೇಲೆ ತೂಗುಹಾಕಿ ರಾತ್ರಿಯಿಡೀ ಬಿಟ್ಟೆವು. ಹಲವರು ಇಲ್ಲಿಯೇ ಅವಸರಪಡುತ್ತಾರೆ. ಚಿಮಿಣಿ ಎಣ್ಣೆ ಪೂರ್ಣ ಆರದೆ ಹೊಸ ಎಣ್ಣೆ ಬಿಟ್ಟರೆ ಅದು ತೆಳುವಾಗಿ ಹರಿದುಹೋಗುತ್ತದೆ. ಬೆಳಗ್ಗೆ ಸರಪಳಿಯನ್ನು ಮರಳಿ ಜೋಡಿಸಿದೆವು. ಕ್ಲಿಪ್ಪಿನ ಮುಚ್ಚಿದ ತುದಿ ಸರಪಳಿ ಓಡುವ ದಿಕ್ಕಿಗೆ ಇರಬೇಕು; ತಿರುಗುಮುರುಗಾದರೆ ದಾರಿಯಲ್ಲಿ ಏನಾದರೂ ತಾಗಿ ಕಳಚೀತು. ಬಳಿಕ ಹೊಲಿಗೆಯಂತ್ರದ ಎಣ್ಣೆಯನ್ನು ಪ್ರತಿ ಉರುಳೆಗೆ ಒಂದೊಂದೇ ತೊಟ್ಟಿನಂತೆ ಬಿಟ್ಟು, ಪೆಡಲನ್ನು ಹಿಮ್ಮುಖವಾಗಿ ತಿರುಗಿಸಿ, ಕಾಲು ಗಂಟೆಯ ನಂತರ ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆದೆವು. "ಹಾಕಿದ್ದನ್ನೇ ಒರೆಸುವುದೇಕೆ?" ಎಂದು ಸೊಸೆಗೆ ಸೋಜಿಗ. ಒಳಗೆ ಹೋದದ್ದು ಕೆಲಸ ಮಾಡುತ್ತದೆ, ಹೊರಗೆ ಉಳಿದದ್ದು ಧೂಳನ್ನು ಹಿಡಿಯುತ್ತದೆ ಎಂದು ಉತ್ತರ ಕೊಟ್ಟು ಪೇಟೆಯ ಕಡೆಗೆ ಹೊರಟೆವು.

ಪಾರ್ತಿಸುಬ್ಬನ ಕುಂಬಳೆಯನ್ನು ಹಿಂದಕ್ಕೆ ಬಿಟ್ಟು, ಹೆದ್ದಾರಿಯ ಗದ್ದಲ ಕಿವಿಯಿಂದ ಮರೆಯಾದ ಮೇಲೆ ಸರಪಳಿಯ ಸದ್ದು ಕೇಳತೊಡಗುತ್ತದೆ. ಕೇಳತೊಡಗುತ್ತದೆ ಎಂದದ್ದು ತಪ್ಪು, ಅಂದು ಏನೂ ಕೇಳಿಸಲಿಲ್ಲ. ನಾಯ್ಕಾಪಿನಿಂದ ಅನಂತಪುರದತ್ತ ತಿರುಗಿ, ಕಲ್ಲಿನ ಪದವಿನ ನಡುವೆ ಕೆರೆಯೊಳಗೆ ನಿಂತಿರುವ ಗುಡಿಯ ಮುಂದೆ ಸ್ವಲ್ಪ ಹೊತ್ತು ಕುಳಿತೆವು. ಎಷ್ಟೋ ಸಲ ನಾವು ಕಂಡಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ಸತ್ತುಹೋಯಿತು. ಮರುವರ್ಷವೇ ಇನ್ನೊಂದು ಮೊಸಳೆ ಕೆರೆಯಲ್ಲಿ ಕಾಣಿಸಿಕೊಂಡಿತು. ಅಂದು ನಮಗೆ ಅದರ ದರ್ಶನವಾಗಲಿಲ್ಲ. ನೀರು ಮಾತ್ರ ಹಸುರಾಗಿ ನಿಶ್ಚಲವಾಗಿತ್ತು.

ಇನ್ನು ಸೀತಾಂಗೋಳಿಯ ಏರು. ಇಲ್ಲಿಂದ ಮಾಯಿಪ್ಪಾಡಿಗೆ ಒಂದು ದಾರಿ ಕವಲೊಡೆಯುತ್ತದೆ. ಕುಂಬಳೆಯ ಅರಸರ ಅರಮನೆ ಇರುವ ಆ ಊರಿನಲ್ಲಿಯೇ ನಾವು ಶಿಕ್ಷಕ ತರಬೇತಿ ಪಡೆದದ್ದು. ಮಗುವಿಗೆ ಪಾಠವನ್ನು ಹೇಗೆ ತಲುಪಿಸಬೇಕೆಂದು ಅಲ್ಲಿ ಕಲಿತೆವು. ಮಗುವನ್ನು ಪರೀಕ್ಷೆಗೆ ಹೇಗೆ ತಲುಪಿಸಬೇಕೆಂಬುದನ್ನು ಈ ಏರಿನಲ್ಲಿ ಕಲಿಯಬೇಕಾಯಿತು.

1996ರ ಫೆಬ್ರವರಿ. ನಮ್ಮ ಶಾಲೆಯಿಂದ ಸ್ಕಾಲರ್‌ಶಿಪ್ ಪರೀಕ್ಷೆಗೆ ಆಯ್ಕೆಯಾಗಿದ್ದವನು ಒಬ್ಬನೇ ಹುಡುಗ. ತಂದೆ ಇಲ್ಲ, ತಾಯಿ ಬೀಡಿ ಕಟ್ಟುತ್ತಿದ್ದರು. "ನಾವೇ ಕರೆದೊಯ್ಯುತ್ತೇವೆ" ಎಂದು ಅವರಿಗೆ ಮಾತು ಕೊಟ್ಟಿದ್ದೆವು. ಹಿಂದಿನ ರಾತ್ರಿ ಸರಪಳಿ ಕಿರುಗುಟ್ಟುವುದನ್ನು ಕೇಳಿ, ಅಡುಗೆಮನೆಯಿಂದ ತೆಂಗಿನೆಣ್ಣೆ ತಂದು ಧೂಳಿನ ಮೇಲೆಯೇ ಧಾರಾಳವಾಗಿ ಸುರಿದೆವು. ಸದ್ದು ನಿಂತಿತು, ನಮಗೆ ಸಮಾಧಾನವಾಯಿತು. ತೆಂಗಿನೆಣ್ಣೆ ಚಳಿಯ ಬೆಳಗಿನಲ್ಲಿ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ; ಮಣ್ಣಿನೊಡನೆ ಬೆರೆತರೆ ಅದು ಎಣ್ಣೆಯಲ್ಲ, ಸಾಣೆಯ ಪುಡಿ. ಕೆಂಪನ್ನು ಮಣ್ಣೆಂದೇ ತಿಳಿದಿದ್ದ ನಮಗೆ, ಕೆಳಗೆ ತುಕ್ಕು ತಿಂದಿದ್ದ ಕೊಂಡಿ ಕಾಣಲಿಲ್ಲ. ಏರಿನ ಮಧ್ಯದಲ್ಲಿ ಎದ್ದು ನಿಂತು ತುಳಿದಾಗ ಸರಪಳಿ ತುಂಡಾಗಿ ರಸ್ತೆಗೆ ಬಿತ್ತು.

ಬಸ್ಸು ಬರಲಿಲ್ಲ. ಸೈಕಲ್ಲನ್ನು ಒಂದು ಮನೆಯ ಅಂಗಳದಲ್ಲಿಟ್ಟು ಇಬ್ಬರೂ ಓಡಿದೆವು. ಕೊನೆಗೊಂದು ಜೀಪಿನವರು ಹತ್ತಿಸಿಕೊಂಡರು. ತಲುಪಿದಾಗ ಪರೀಕ್ಷೆ ಆರಂಭವಾಗಿ ಬಹಳ ಹೊತ್ತಾಗಿತ್ತು. ನಿಯಮದಂತೆ ಒಳಗೆ ಬಿಡಲಿಲ್ಲ. ತಪ್ಪು ಅವರದಲ್ಲ. ಹುಡುಗ ಅಳಲಿಲ್ಲ. ಆಗಲೇ ನಾವು ನೋಡಿದ್ದು, ಅವನು ತುಂಡಾದ ಸರಪಳಿಯನ್ನು ರಸ್ತೆಯಿಂದ ಹೆಕ್ಕಿಕೊಂಡು ದಾರಿಯುದ್ದಕ್ಕೂ ಎದೆಗೊತ್ತಿ ಹಿಡಿದು ತಂದಿದ್ದ. ಪರೀಕ್ಷೆಗೆಂದು ಹೊಲಿಸಿದ ಬಿಳಿಯ ಅಂಗಿಯೆಲ್ಲ ಕಪ್ಪು. "ಮಾಸ್ಟ್ರೇ, ಚೈನು ಹೋಗಲಿಲ್ಲ, ಇದೆ," ಎಂದ. ಸಂಜೆ ಅವನ ತಾಯಿಯ ಮುಂದೆ ನಿಂತು ನಾವು ಏನು ಹೇಳಿದೆವೆಂಬುದು ಈಗ ನೆನಪಿಲ್ಲ. ಆಕೆ ಅಂಗಿಯನ್ನು ನೆನೆಹಾಕಿದ ಬಕೆಟ್ಟು ಮಾತ್ರ ಕಣ್ಣಿಗೆ ಕಟ್ಟಿದೆ.

ಈ ಸಲ ಆ ಏರನ್ನು ಇಳಿಯದೆಯೇ ತುಳಿದು ಹತ್ತಿದೆವು. ಮೇಲೆ ನಿಂತು ದಣಿವಾರಿಸಿಕೊಳ್ಳುವಾಗ ಅಧ್ಯಾಪಕನ ಚಟದಂತೆ ಲೆಕ್ಕ ಹಾಕಿದೆವು. ನಮ್ಮ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18, ಸರಪಳಿಗೆ 112 ಕೊಂಡಿ. ಒಂದು ಸುತ್ತು ತುಳಿದರೆ ಸುಮಾರು ಐದೂವರೆ ಮೀಟರ್ ದೂರ. ದಾರಿಯುದ್ದಕ್ಕೂ ತುಳಿದೇ ಹೋದರೆ ಬದಿಯಡ್ಕ ಮುಟ್ಟುವಷ್ಟರಲ್ಲಿ ಪ್ರತಿಯೊಂದು ಕೊಂಡಿ ಎರಡೂವರೆ ಸಾವಿರಕ್ಕೂ ಹೆಚ್ಚು ಸಲ ಬಾಗಿ ನೆಟ್ಟಗಾಗಬೇಕು. ಆ ಒಂದು ತೊಟ್ಟು ಎಣ್ಣೆ ಇರಬೇಕಾದುದು ಅಲ್ಲಿ.

ನೀರ್ಚಾಲನ್ನು ದಾಟಿ, ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದ ಪೆರಡಾಲದ ಸೀಮೆಯನ್ನು ನೆನೆಯುತ್ತ ಬದಿಯಡ್ಕ ಪೇಟೆಯನ್ನು ಸೇರಿದಾಗ ಬಿಸಿಲೇರಿತ್ತು. ಆ ಹುಡುಗನಿಗೆ ಈಗ ಅಲ್ಲಿಯೇ ಒಂದು ಹಾರ್ಡ್‌ವೇರ್ ಅಂಗಡಿ. ಆ ಪರೀಕ್ಷೆ ಬರೆದಿದ್ದರೆ ಏನಾಗುತ್ತಿದ್ದನೋ ನಾವರಿಯೆವು. ಅವನು ಒಮ್ಮೆಯೂ ಆ ಮಾತೆತ್ತಿಲ್ಲ. ನಾವು ಎತ್ತಿದರೆ ಮಾತು ತಿರುಗಿಸುತ್ತಾನೆ. ನಮ್ಮನ್ನು ಕಂಡು ಗಲ್ಲದಿಂದ ಎದ್ದು ಬಂದವನು, ನಮಸ್ಕಾರಕ್ಕೂ ಮೊದಲು ಸೈಕಲ್ಲಿನ ಬಳಿ ಕುಳಿತು ಪೆಡಲನ್ನು ಹಿಂದಕ್ಕೆ ತಿರುಗಿಸಿ ಸರಪಳಿಯ ಮೇಲೆ ಬೆರಳಾಡಿಸಿದ. ಬೆರಳನ್ನು ನಮ್ಮತ್ತ ಹಿಡಿದು, "ಕೈಗೆ ಏನೂ ಹತ್ತಲಿಲ್ಲ ಮಾಸ್ಟ್ರೇ," ಎಂದ. ಆಮೇಲೆ ಚಹಾ ತರಲು ಅಂಗಡಿಯ ಹುಡುಗನನ್ನು ಕಳುಹಿಸಿದ.