ನೃತ್ಯಶಾಲೆ ಸುಟ್ಟಿತು, ಸದ್ದು ಉಳಿಯಿತು!

ಗಿಟಾರಿನ ತಂತಿ ಮೀಟಿದೊಡನೆ ಸ್ವರ ಗುಹೆಯೊಳಗಿಂದ ಬಂದಂತೆ ‘ಝೊಂಯ್...’ ಎಂದು ತೇಲಿಹೋಗುತ್ತದಲ್ಲ, ಅದೇ ಸ್ವಾಮಿ ರಿವರ್ಬ್! ಆರ್ಕೆಸ್ಟ್ರಾ ಹುಡುಗ ಕಾಲಡಿಯ ಪುಟ್ಟ ಪೆಡಲ್ ತುಳಿದು ತರಿಸುವ ಈ ಮಾಯೆ, ಒಂದು ಕಾಲಕ್ಕೆ ಇಡೀ ಕಡಲತೀರಕ್ಕೇ ಹುಚ್ಚು ಹಿಡಿಸಿತ್ತು. ಆ ತೀರವನ್ನು ನೋಡಿ ಬಂದೆ.

ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್, ಬಾಲ್ಬೋವಾ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ವಸತಿ ಕಟ್ಟಡಗಳು, ಅಲ್ಲೊಂದು ಫಲಕ. ಅಷ್ಟೇ! ಜೊತೆಗಿದ್ದ ದಾವಣಗೆರೆ ಗೆಳೆಯರು, “ಇದ್ನ ನೋಡಾಕೆ ಇಷ್ಟು ದೂರ ಬರ್ಬೇಕಿತ್ತೇನ್ರೀ?” ಅಂತ ನಕ್ಕರು.

1928ರಲ್ಲಿ ಶುರುವಾಗಿ, ಒಮ್ಮೆ ಸುಟ್ಟು ಮತ್ತೆ ಎದ್ದ ರೆಂದೇವೂ ಬಾಲ್‌ರೂಂ ಇದ್ದ ಜಾಗ ಅದು. 1961ರ ಬೇಸಿಗೆಯಲ್ಲಿ ಎಡಗೈ ವಾದಕ ಡಿಕ್ ಡೇಲ್ ಇಲ್ಲಿ ಗಿಟಾರ್ ಹಿಡಿದು ನಿಂತ. ಅಲೆಯ ಮೇಲೆ ಸವಾರಿ ಮಾಡುವ ಹುಡುಗರು ಸಾವಿರಗಟ್ಟಲೆ ಮುಗಿಬಿದ್ದರು. 1994ರ ‘ಪಲ್ಪ್ ಫಿಕ್ಷನ್’ ಶೀರ್ಷಿಕೆಯಲ್ಲಿ ಗುಡುಗುವ ‘ಮಿಸಿರ್ಲೂ’ ನುಡಿಸಿದ ಭೂಪ ಇವನೇ!

ಅದೇ ಜಿಲ್ಲೆಯ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ಕಾರ್ಖಾನೆ. ಸ್ವತಃ ಗಿಟಾರ್ ನುಡಿಸಲು ಬಾರದ ಮಹಾಶಯ! ಹ್ಯಾಮಂಡ್ ಆರ್ಗನ್ನಿನ ಸ್ಪ್ರಿಂಗ್ ಉಪಾಯ ಬಳಸಿ 1961ರಲ್ಲಿ ಅವನ ಕಂಪನಿ ಬೇರೆಯೇ ರಿವರ್ಬ್ ಪೆಟ್ಟಿಗೆ ತಂದಿತು. ಗುಟ್ಟು ಸರಳ. ಗಿಟಾರಿನ ವಿದ್ಯುತ್ತು ಸ್ಪ್ರಿಂಗನ್ನು ಅಲುಗಿಸುತ್ತದೆ. ಆ ಅಲುಗಾಟ ತುದಿಯಿಂದ ತುದಿಗೆ ಓಡಾಡುತ್ತ ನಿಧಾನಕ್ಕೆ ಅಡಗುತ್ತದೆ. ಅದೇ ಮತ್ತೆ ಸದ್ದಾಗಿ ಮೂಲ ಸ್ವರದ ಬೆನ್ನು ಹತ್ತುತ್ತದೆ. ಪೆಟ್ಟಿಗೆಗೆ ಒದ್ದರೆ ಸಿಡಿಲೇ! ಡೇಲ್ ಇದನ್ನು ಮೊದಲು ಬಯಸಿದ್ದು ತನ್ನ ಕಂಠಕ್ಕಂತೆ, ಗಿಟಾರಿಗೆ ಆಮೇಲೆ.

ಆ ಜಿಲ್ಲೆಯದೇ ಸಾಂಟಾ ಆನಾದ ಹೈಸ್ಕೂಲ್ ಹುಡುಗರು ಕಟ್ಟಿದ ತಂಡ ಚಾಂಟೇಸ್. ರಿವರ್ಬಿನಲ್ಲಿ ಮಿಂದ ಅವರ ‘ಪೈಪ್‌ಲೈನ್’ 1963ರಲ್ಲಿ ಅಮೆರಿಕದ ಜನಪ್ರಿಯ ಪಟ್ಟಿಯ 4ನೇ ಸ್ಥಾನಕ್ಕೇರಿತು. ಹೈಸ್ಕೂಲ್ ಹುಡುಗರು ಕಣ್ರೀ!

1966ರಲ್ಲಿ ಬಾಲ್‌ರೂಂ ಮತ್ತೆ ಬೆಂಕಿಗೆ ಆಹುತಿಯಾಯಿತು. ಈ ಸಲ ಏಳಲಿಲ್ಲ. 1987ರಲ್ಲಿ ಜಪಾನಿನ ಬಾಸ್ ಕಂಪನಿಯ ಆರ್‌ವಿ-2 ಎಂಬ ಅಂಗೈಯಗಲದ ಡಿಜಿಟಲ್ ಪೆಡಲ್ ಬಂತು. ಸ್ಪ್ರಿಂಗೇ ಇಲ್ಲ, ಎಲ್ಲಾ ಲೆಕ್ಕಾಚಾರ! 2019ರಲ್ಲಿ ಡೇಲ್ ಕೂಡ ಕಣ್ಣು ಮುಚ್ಚಿದ. ಇವತ್ತಿನ ಎಷ್ಟೋ ಪೆಡಲ್‌ಗಳಲ್ಲಿ ಮಾತ್ರ ‘ಸ್ಪ್ರಿಂಗ್’ ಎಂಬ ಆಯ್ಕೆ ಇದ್ದೇ ಇದೆ.

ಇದನ್ನೆಲ್ಲ ಹೇಳಿದ ಮೇಲೆ ಗೆಳೆಯರು ನಗಲಿಲ್ಲ. ಫಲಕವನ್ನು ಇನ್ನೊಮ್ಮೆ ಓದಿ, “ಮನೆ ಹೋದ್ರೂ ದನಿ ಹೋಗಿಲ್ಲ ಬಿಡ್ರೀ” ಅಂದರು.

ಗಿಟಾರ್ ಹಿಡಿದ ತಮ್ಮಂದಿರೇ, ಒಂದು ಕಿವಿಮಾತು. ಆ ಗುಂಡಿಯನ್ನು ಪೂರ್ತಿ ತಿರುಗಿಸಬೇಡಿ. ನಿಮ್ಮ ಸ್ವರವೇ ಮುಳುಗಿಹೋದೀತು!