ಹಳೇ ಲ್ಯಾಪ್‌ಟಾಪಿಗೆ ಹೊಸ ಮನೆಯ ವಿಳಾಸ



ಕತಾರ್‌ನಿಂದ ಯಾರಾದರೂ ಖಾಯಂ ಆಗಿ ಊರಿಗೆ ಹೊರಟರೆಂದರೆ ಅವರ ಮಿಕ್ಸಿ, ಕುಕ್ಕರು, ಇಸ್ತ್ರಿಪೆಟ್ಟಿಗೆಗಳು ನಮ್ಮ ನಿಮ್ಮ ಮನೆಗಳಿಗೆ ಹಂಚಿಹೋಗುವುದು ವಾಡಿಕೆ. ಮದೀನತ್ ಖಲೀಫಾದ ನಮ್ಮ ಮನೆಗೆ ಹಾಗೆ ಬಂದದ್ದು ಸ್ನೇಹಿತರೊಬ್ಬರ ಹಳೆಯ ಲ್ಯಾಪ್‌ಟಾಪು. ಅದಕ್ಕೆ ವಿಂಡೋಸ್ ಹೊರುವ ಶಕ್ತಿ ಉಳಿದಿರಲಿಲ್ಲವಾದ್ದರಿಂದ ಅವರು ಪಪ್ಪಿ ಲಿನಕ್ಸ್ ಹಾಕಿದ್ದರು. 2003ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಕೌಲರ್ ಹೊರತಂದ ಈ ಹಗುರ ವ್ಯವಸ್ಥೆ ಪುಕ್ಕಟೆ ಸಿಗುತ್ತದೆ. ಒಂದು ಪೆನ್‌ಡ್ರೈವಿನಲ್ಲಿ ಅಡಗಿಕೊಂಡು, ಯಂತ್ರ ಶುರುವಾದಾಗ ರ‍್ಯಾಮ್‌ಗೆ ಏರಿ ಅಲ್ಲಿಂದಲೇ ಕೆಲಸ ಮಾಡುತ್ತದೆ.

ಯಂತ್ರ ನಮಗೆ ಬೇಕಾದದ್ದು ಮಗಳ ಕನ್ನಡ ಪಾಠಕ್ಕೆ. ಪ್ರತಿ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ಅಂದರೆ ಊರಿನ ಹನ್ನೊಂದೂವರೆಗೆ, ಕುಂದಾಪುರದಿಂದ ಅಜ್ಜಿ ವಿಡಿಯೋದಲ್ಲಿ ಪಾಠ ಹೇಳುತ್ತಾರೆ. ಅಜ್ಜಿ ಸ್ಲೇಟಿನ ಮೇಲೆ ಬರೆದ 'ಥ'ದ ಹೊಟ್ಟೆಯೊಳಗಿನ ಚುಕ್ಕೆ ಫೋನಿನ ಪರದೆಯಲ್ಲಿ ಕಾಣದೆ ಮಗಳು ಅದನ್ನು 'ಧ' ಎಂದು ಓದುತ್ತಿದ್ದಳು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಹಿಂದಿಯೂ ಬರುವುದಿಲ್ಲ. ಮೊಮ್ಮಗಳಿಗೂ ಅವರಿಗೂ ನಡುವೆ ಇರುವುದು ಕನ್ನಡ ಒಂದೇ. ಅದು ತಪ್ಪಿದರೆ ಮುಂದೆ ಇಬ್ಬರೂ ಫೋನಿನಲ್ಲಿ ನಕ್ಕು ಸುಮ್ಮನಾಗಬೇಕಾದೀತು.

ಲ್ಯಾಪ್‌ಟಾಪು ಬಂದ ವಾರವೇ ನೋಡಿದರೆ ಇಂಟರ್‌ನೆಟ್ ಇಲ್ಲ! "ಎಂತ ಮಗಾ, ಇವತ್ತ್ ಪಾಠ ಇಲ್ಯಾ?" ಎಂದು ಅಜ್ಜಿಯ ಫೋನು. ಹೊಸದು ಕೊಳ್ಳೋಣವೆಂದರೆ ಆ ತಿಂಗಳು ಶಾಲೆಯ ಫೀಸು ಕಟ್ಟುವುದಿತ್ತು. ಸರಿ, ಇಬ್ಬರೂ ಕುಳಿತೆವು.

ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ಟ್ಯಾಂಕು, ಪೈಪು, ವಾಲ್ವು ಎಂದು ಒಂದೊಂದಾಗಿ ನೋಡುತ್ತೇವಷ್ಟೆ. ಇಲ್ಲಿಯೂ ಅದೇ ಕ್ರಮ. 'ನೆಟ್ ಇಲ್ಲ' ಎಂಬ ಒಂದು ಮಾತಿನೊಳಗೆ ನಾಲ್ಕಾರು ಬೇರೆ ಬೇರೆ ಕಾಯಿಲೆಗಳಿರುತ್ತವೆ.

ಮೊದಲನೆಯದು, ರೂಟರಿನವರೆಗೆ ದಾರಿ ಇದೆಯೇ? ನಮ್ಮ ಫೋನುಗಳಲ್ಲಿ ನೆಟ್ ಬರುತ್ತಿತ್ತು. ಆದ್ದರಿಂದ ಲೈನು ಸರಿ. ವೈಫೈ ಬಿಟ್ಟು ಕೇಬಲ್ ಸಿಕ್ಕಿಸಿದರೂ ಲ್ಯಾಪ್‌ಟಾಪಿನಲ್ಲಿ ಇಲ್ಲ. ಆದ್ದರಿಂದ ವೈಫೈಯ ದೋಷವೂ ಅಲ್ಲ.

ಎರಡನೆಯದು, ಯಂತ್ರಕ್ಕೆ ಸರಿಯಾದ ಐ.ಪಿ. ವಿಳಾಸ ಇದೆಯೇ? ಗುಟ್ಟು ಇಲ್ಲಿತ್ತು. ನಮ್ಮ ರೂಟರಿನ ವಿಳಾಸ 192.168.1.1. ಲ್ಯಾಪ್‌ಟಾಪಿನದು 192.168.100 ಎಂದು ಶುರುವಾಗುತ್ತಿತ್ತು. ಸ್ನೇಹಿತರು ತಮ್ಮ ಮನೆಯ ರೂಟರಿಗೆ ಹೊಂದುವಂತೆ ಸ್ಥಿರ ವಿಳಾಸ ಕೊಟ್ಟಿದ್ದರು. ಯಜಮಾನರು ಊರಿಗೆ ಹೋದರೂ ಯಂತ್ರ ಹಳೆಯ ಬೀದಿಯಲ್ಲೇ ಮನೆ ಹುಡುಕುತ್ತಿತ್ತು! ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಅದನ್ನು ಅಳಿಸಿ, ರೂಟರೇ ವಿಳಾಸ ಕೊಡುವ ಡಿ.ಎಚ್.ಸಿ.ಪಿ. ಆರಿಸಿದೆವು. (169.254 ಎಂದು ಶುರುವಾಗುವ ವಿಳಾಸ ಕಂಡರೆ ರೂಟರಿನಿಂದ ಉತ್ತರವೇ ಬಂದಿಲ್ಲವೆಂದು ತಿಳಿಯಿರಿ.)

ಮೂರನೆಯದು, ಹೆಸರು ಹುಡುಕುವ ಡೈರೆಕ್ಟರಿ, ಅಂದರೆ ಡಿ.ಎನ್.ಎಸ್. ಟರ್ಮಿನಲ್ ಕಿಟಕಿಯಲ್ಲಿ 8.8.8.8ಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಹೆಸರು ಕೊಟ್ಟು ಮಾಡಿದರೆ ಬರುವುದಿಲ್ಲ ಎಂದಾದರೆ ತೊಂದರೆ ಇಲ್ಲಿದೆ. ನಮ್ಮಲ್ಲಿ ಎರಡಕ್ಕೂ ಉತ್ತರ ಬಂತು.

ಆದರೂ ಬ್ರೌಸರು ಪ್ರತಿಯೊಂದು ಪುಟಕ್ಕೂ 'ಸುರಕ್ಷಿತವಲ್ಲ' ಎಂದು ಹಟ ಹಿಡಿಯಿತು. ನಾಲ್ಕನೆಯ ಪ್ರಶ್ನೆ ಆಗ ಹೊಳೆಯಿತು: ಗಡಿಯಾರ! ಮೂಲೆಯಲ್ಲಿ 2012 ಎಂದಿತ್ತು. ಜಾಲತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆಂದು ಅವಧಿ ಇರುತ್ತದೆ. ಯಂತ್ರದ ಪಾಲಿಗೆ ಅವು ಇನ್ನೂ ಹುಟ್ಟಿಯೇ ಇರಲಿಲ್ಲ. ಗಡಿಯಾರವನ್ನು ನಡೆಸುವ, ಕಾಸಿನಗಲದ ಒಳಬ್ಯಾಟರಿ ಸತ್ತಿತ್ತು. ಸದ್ಯಕ್ಕೆ ತಾರೀಖು ಸರಿಮಾಡಿದೆವು, ಮಾರನೆಯ ದಿನ ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ಬದಲಾಯಿಸಿದೆವು. ಪುಟಗಳು ತೆರೆದವು. ಮುಂದಿನ ಶುಕ್ರವಾರ ಮಗಳು 'ಥ'ದ ಚುಕ್ಕೆಯನ್ನು ಬೆರಳಿಟ್ಟು ತೋರಿಸಿದಳು.

ಕೊನೆಗೊಂದು ಎಚ್ಚರಿಕೆ. ಪೆನ್‌ಡ್ರೈವಿನಿಂದ ನಡೆಯುವ ಪಪ್ಪಿಯಲ್ಲಿ ಮಾಡಿದ ಬದಲಾವಣೆಗಳನ್ನು ಅದರ ಸೇವ್ ಕಡತಕ್ಕೆ ಬರೆದಿಡಬೇಕು. ಇಲ್ಲವಾದರೆ ಯಂತ್ರ ಆರಿಸಿದ ಕೂಡಲೇ ಎಲ್ಲವೂ ಮರೆತುಹೋಗಿ, ಮರುದಿನ ಹಳೇ ವಿಳಾಸವೇ ಎದ್ದು ಬರುತ್ತದೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಿಮ್ಮಲ್ಲೂ ಅನೇಕರ ಬೀರುವಿನಲ್ಲಿ ಇಂಥದೊಂದು ಯಂತ್ರ ಮಲಗಿರಬಹುದು. ಎಸೆಯುವ ಮೊದಲು ಹಗುರ ಲಿನಕ್ಸ್ ಹಾಕಿ ನೋಡಿ. ಬೇರೆಯವರಿಗೆ ಕೊಡುವುದಾದರೆ ಅದರ ಸೆಟ್ಟಿಂಗುಗಳನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಈ ನಾಲ್ಕು ಪ್ರಶ್ನೆಗಳ ಚೀಟಿಯನ್ನು ನಾವು ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿದ್ದೇವೆ. ಬೇಕಾದವರು ಸಂಘದ ಮುಂದಿನ ಕೂಟದಲ್ಲಿ ಕೇಳಿ, ಸಂತೋಷದಿಂದ ಕೊಡುತ್ತೇವೆ.