ನಾವೇ ತೊಡಿಸಿದ ಮುಖವಾಡ



ಒಂದು ಹಾಳೆಗೆ ಅರಿಶಿನದ ನೀರು ಹಚ್ಚಿ ಒಣಗಿಸಿ. ಸುಣ್ಣದ ತಿಳಿಯಲ್ಲಿ ಅಂಗೈ ಅದ್ದಿ ಅದರ ಮೇಲೆ ಒತ್ತಿ. ರಕ್ತದಂಥ ಕೆಂಪು ಕೈ ಮೂಡುತ್ತದೆ! ತರಗತಿಯಲ್ಲಿ ಇದನ್ನು ಮಾಡಿದಾಗ ಮಕ್ಕಳು ಮೊದಲು ಬೆಚ್ಚುತ್ತಾರೆ. ಸುಣ್ಣ ಕ್ಷಾರ, ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಇಷ್ಟೇ ಗುಟ್ಟು ಎಂದು ಹೇಳಿದ ಮೇಲೆ ನಗುತ್ತಾರೆ. ಪವಾಡದ ಹಿಂದಿನ ಇಂಥ ಗುಟ್ಟುಗಳನ್ನು ನಮ್ಮ ರಾಜ್ಯದಲ್ಲಿ ಜನರಿಗೆ ತೋರಿಸುತ್ತ ಬಂದವರು ಡಾ. ನರೇಂದ್ರ ದಾಭೋಳಕರ್. ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು.

ಗಡಿಯಾಚೆ ಈ ಕೆಲಸ ಮಾಡಿದವರು ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆಂದೇ ಸಮಿತಿ ರಚಿಸಿದರು. ಪಾಂಡವಪುರದ ಒಬ್ಬ ಹುಡುಗ ಬರಿಗೈಯಿಂದ ವಿಭೂತಿ ತರುತ್ತಾನೆಂದು ಆಗ ದೊಡ್ಡ ಸುದ್ದಿ. ಸಮಿತಿಯವರು ಹೋಗಿ ನೋಡಿದರೆ ವಿಭೂತಿ ಇದ್ದದ್ದು ಅವನ ಬಟ್ಟೆಯೊಳಗೆ! ಅಷ್ಟು ಚಿಕ್ಕ ಮಗು ತಾನಾಗಿಯೇ ಈ ಆಟ ಹೂಡಿರಲಾರದು ಎಂದು ನನಗನಿಸುತ್ತದೆ.

ಆ ಹುಡುಗನ ಕಥೆ ಓದಿದಾಗಲೆಲ್ಲ ನನ್ನದೇ ಒಂದು ತಪ್ಪು ನೆನಪಾಗುತ್ತದೆ.

ಅಕಿವಾಟದಂಥ ನಮ್ಮ ಗಡಿ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಹಿಂದೆ ನಾನಿದ್ದ ಒಂದು ಶಾಲೆಗೆ ತಪಾಸಣೆಗೆ ಬಂದ ಸಾಹೇಬರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯನ್ನು ಎಬ್ಬಿಸಿದೆ. ಅವಳು ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತ, ಸರಿಯಾದ ಜಾಗಕ್ಕೆ ಪುಟ ತಿರುವುತ್ತ ಪಾಠವನ್ನೆಲ್ಲ ಓದಿದಳು. ಸಾಹೇಬರು "ಶಾಬ್ಬಾಸ್!" ಎಂದು ಬೆನ್ನು ತಟ್ಟಿದರು. ನಾನೂ ಹಿಗ್ಗಿದೆ.

ಮರುದಿನ ಅದೇ ಪಾಠದ ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು "ಇದೇನವ್ವಾ?" ಎಂದೆ. ಸುಮ್ಮನೆ ನಿಂತಳು. ಮತ್ತೆ ಕೇಳಿದೆ.

"ಸರ್, ನಂಗ ಅಕ್ಷರ ಬರೂದಿಲ್ರಿ. ನೀವ ಬಾಯಿಪಾಠ ಮಾಡು ಅಂದ್ರಿ, ಮಾಡೀನ್ರಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಮಾತ್ರ ತಲೆ ಎತ್ತಲಾಗಲಿಲ್ಲ. ಮೂರು ವರ್ಷ ಆ ಕೂಸು ಓದುವವಳಂತೆ ನಟಿಸುತ್ತ ಬಂದಿತ್ತು. ಆ ಮುಖವಾಡ ತೊಡಿಸಿದವರು ನಾವು. ಪಟ ಕಡಿಮೆ, ಶಾಲೆ ಉಳಿಯಬೇಕು, ಊರಲ್ಲಿ ಹೆಸರಾಗಬೇಕು ಎಂಬ ನೆಪ ನಮ್ಮ ಬಳಿ ಇದ್ದವು. ಆದರೆ ಶಾಲೆ ಉಳಿದು ಮಗು ಓದು ಕಲಿಯದಿದ್ದರೆ ಏನು ಉಳಿಸಿದಂತಾಯಿತು?

ಅಂದಿನಿಂದ ದಿನಾ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಅವಳನ್ನು ಕೂರಿಸಿಕೊಂಡು ಅ, ಆ ದಿಂದ ಮತ್ತೆ ಶುರು ಮಾಡಿದೆ. ವರ್ಷ ಮುಗಿಯುವ ಹೊತ್ತಿಗೆ ತಡವರಿಸುತ್ತ ಓದತೊಡಗಿದಳು. ಬಾಯಿಪಾಠದಷ್ಟು ಚಂದ ಇರಲಿಲ್ಲ. ಆದರೆ ಆ ಓದು ಅವಳದಾಗಿತ್ತು.

ಪಾಲಕರೇ, ಇಂದು ರಾತ್ರಿ ನಿಮ್ಮ ಮಗುವಿನ ಪುಸ್ತಕ ತೆಗೆಯಿರಿ. ಓದಿದ ಪಾಠದ ನಡುವಿನ ಒಂದು ಶಬ್ದದ ಮೇಲೆ ಬೆರಳಿಡಿ. ನಿಮಗೆ ಓದು ಬಾರದಿದ್ದರೂ ಅಡ್ಡಿಯಿಲ್ಲ. ಅದೇ ಶಬ್ದ ಮುಂದಿನ ಸಾಲಿನಲ್ಲಿ ಎಲ್ಲಿದೆ, ತೋರಿಸು ಅನ್ನಿ. ಮಗು ತಡಬಡಿಸಿದರೆ ಅದಕ್ಕೆ ಬೈಯಬೇಡಿ. ನೇರ ಶಾಲೆಗೆ ಬಂದು ನಮ್ಮನ್ನು ಕೇಳಿ.